ವಿದ್ಯುತ್ ಗಿಟಾರು: ಲಾಂಛನ ಮತ್ತು ಗುಣ

ಸಂಗೀತವನ್ನು ಕಲಿಯಬೇಕೆಂಬ ಹಂಬಲ ಮಕ್ಕಳಲ್ಲಿ ಮೂಡುವುದು ಮನೆತನದ ಭಾಗ್ಯ. ಒಂದು ತಲೆಮಾರಿನ ಹಿಂದೆ ಆ ಹಂಬಲ ಹಾರ್ಮೋನಿಯಂ, ತಬಲ, ವೀಣೆ, ಪಿಟೀಲುಗಳತ್ತ ಹರಿಯುತ್ತಿತ್ತು. ಇಂದು ಜ್ಞಾನಭಾರತಿ, ಕೆಂಗೇರಿ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮಗನೋ ಮಗಳೋ ವಿದ್ಯುತ್ ಗಿಟಾರು ಬೇಕೆನ್ನುತ್ತಾರೆ. ಜೊತೆಗೆ ಒಂದು ಕಂಪೆನಿಯ ಹೆಸರನ್ನೂ ಹೇಳುತ್ತಾರೆ. ಆ ಹೆಸರಿಗೆ ಎಷ್ಟು ಬೆಲೆ, ವಾದ್ಯಕ್ಕೆ ಎಷ್ಟು ಬೆಲೆ ಎಂಬುದು ತಂದೆತಾಯಿಗಳಿಗೆ ತಿಳಿಯದು. ಬಲ್ಲ ವಾದಕರನ್ನು ಕೇಳಿ ನಾವು ತಿಳಿದುಕೊಂಡ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಇದು ಕೇವಲ ಹಣದ ಮಾತಲ್ಲ. ತಂತಿಗಳು ಎತ್ತರದಲ್ಲಿದ್ದು ಶ್ರುತಿ ನಿಲ್ಲದ ವಾದ್ಯವನ್ನು ಹಿಡಿದ ಮಗುವಿನ ಬೆರಳು ನೋಯುತ್ತದೆ, ಸ್ವರ ಅಪಸ್ವರವಾಗುತ್ತದೆ. ಆಗ ಮಗು ವಾದ್ಯವನ್ನು ದೂರುವುದಿಲ್ಲ. ‘ನನಗೆ ಸಂಗೀತ ಒಲಿಯದು’ ಎಂದು ತನ್ನನ್ನೇ ದೂರಿಕೊಂಡು ಕಲಿಕೆಯನ್ನು ಕೈಬಿಡುತ್ತದೆ. ಸಾಲ ಮಾಡಿ ದೊಡ್ಡ ಹೆಸರಿನ ವಾದ್ಯ ತಂದರೆ ಅದರ ಬೆಲೆಯೇ ಮಗುವಿನ ಮನಸ್ಸಿಗೆ ಹೊರೆಯಾಗುತ್ತದೆ. ಎರಡೂ ಹಿತವಲ್ಲ.

ಇದು ನಮ್ಮ ಸಂಗೀತಕ್ಕೆ ಸಲ್ಲದ ವಾದ್ಯವೆಂದು ಹಿರಿಯರು ಅಳುಕಬೇಕಾಗಿಲ್ಲ. ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ತತ್ತ್ವಪದವನ್ನು ರಘು ದೀಕ್ಷಿತರು 2008ರ ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ಗಿಟಾರಿನೊಡನೆಯೇ ಹಾಡಿ ಹೊಸ ಪೀಳಿಗೆಗೆ ತಲುಪಿಸಿದರು. ಬೆಂಗಳೂರಿನ ಪ್ರಕಾಶ ಸೊಂಟಕ್ಕೆಯವರು ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸುತ್ತ ಬಂದವರು. ವಿದ್ಯುತ್ತಿನ ನಾದವೂ ಹೊಸದಲ್ಲ. ಇದೇ ಊರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ ಎಷ್ಟೋ ಸಂಗೀತಗಾರರ ಮನೆಗಳಲ್ಲಿದೆ.

ನಾದ ಹುಟ್ಟುವ ಬಗೆ

ವೀಣೆಯ ನಾದ ಅದರ ಟೊಳ್ಳಾದ ಕೊಡದಲ್ಲಿ ಬೆಳೆಯುತ್ತದೆ. ವಿದ್ಯುತ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿ ಮರ. ಅದರ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಅಯಸ್ಕಾಂತವಿದ್ದು, ಕೂದಲಿನಂತಹ ತಾಮ್ರದ ತಂತಿಯನ್ನು ಅದಕ್ಕೆ ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಸೂಕ್ಷ್ಮ ವಿದ್ಯುತ್ತು ಹುಟ್ಟಿ, ಆಂಪ್ಲಿಫೈಯರಿನಲ್ಲಿ ನಾದವಾಗಿ ಹಿಗ್ಗುತ್ತದೆ. ಆದ್ದರಿಂದ ಎಲ್ಲ ಹಣವನ್ನೂ ಗಿಟಾರಿಗೇ ಸುರಿಯದೆ ಒಂದು ಪಾಲನ್ನು ಆಂಪ್ಲಿಫೈಯರಿಗೆ ತೆಗೆದಿಡಬೇಕು. ಉತ್ತಮ ಗಿಟಾರೂ ಕಳಪೆ ಆಂಪ್ಲಿಫೈಯರಿನಲ್ಲಿ ಕಿರುಚುತ್ತದೆ.

ಹೆಸರುಗಳ ಚರಿತ್ರೆ

ಅಮೆರಿಕದ ಲಿಯೊ ಫೆಂಡರ್ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಎಂಬ ಮಾದರಿಯನ್ನು ಹೊರತಂದನು. ಅದಕ್ಕೆ ಮುನ್ನ 1952ರಲ್ಲಿ ಗಿಬ್ಸನ್ ಸಂಸ್ಥೆ ಲೆಸ್ ಪಾಲ್ ಎಂಬ ಮಾದರಿಯನ್ನು ತಂದಿತ್ತು. ಇಂದು ಅಂಗಡಿಗಳಲ್ಲಿ ಕಾಣುವ ಬಹುಪಾಲು ಗಿಟಾರುಗಳ ಆಕಾರ ಇವೆರಡರ ನೆರಳೇ. 1965ರಲ್ಲಿ ಫೆಂಡರ್ ಸಂಸ್ಥೆಯನ್ನು ಸಿಬಿಎಸ್ ಎಂಬ ದೊಡ್ಡ ಪ್ರಸಾರ ಸಂಸ್ಥೆ ಕೊಂಡಿತು. ಹೆಸರು ಅದೇ, ಆಕಾರ ಅದೇ; ಆದರೆ ಗುಣ ಇಳಿಯಿತೆಂದು ವಾದಕರು ಬೇಸರಪಟ್ಟು ಹಳೆಯ ವಾದ್ಯಗಳನ್ನೇ ಹುಡುಕತೊಡಗಿದರು. 1985ರಲ್ಲಿ ಸಂಸ್ಥೆಯೊಳಗಿನವರೇ ಹೂಡಿಕೆದಾರರೊಡನೆ ಕೂಡಿ ಅದನ್ನು ಮರಳಿ ಕೊಂಡರು. ಲಾಂಛನ ಒಂದೇ ಇದ್ದರೂ ನಡೆ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನೊಂದು ಸಂಗತಿ. ಒಂದೇ ಮನೆತನಕ್ಕೆ ಹಲವು ಹೆಸರುಗಳುಂಟು. ಸ್ಕ್ವಾಯರ್ ಎಂಬುದು ಫೆಂಡರ್ ಸಂಸ್ಥೆಯದೇ ಕಡಿಮೆ ಬೆಲೆಯ ಶಾಖೆ. ಎಪಿಫೋನ್ ಗಿಬ್ಸನ್ ಸಂಸ್ಥೆಗೆ ಸೇರಿದ್ದು. ಫೆಂಡರ್ ಎಂಬ ಹೆಸರಿನಲ್ಲಿಯೇ ಅಮೆರಿಕದಲ್ಲಿ ಮಾಡಿದ್ದಕ್ಕೂ ಮೆಕ್ಸಿಕೊದಲ್ಲಿ ಮಾಡಿದ್ದಕ್ಕೂ ಬೆಲೆಯ ಅಂತರ ಬಹಳ. ಕೊರಿಯಾದ ಕಾರ್ಟ್ ಸಂಸ್ಥೆ ತನ್ನ ಹೆಸರಿನಲ್ಲಿ ಮಾತ್ರವಲ್ಲದೆ ಇತರ ಪ್ರಸಿದ್ಧ ಸಂಸ್ಥೆಗಳಿಗಾಗಿಯೂ ಗಿಟಾರುಗಳನ್ನು ತಯಾರಿಸಿಕೊಡುತ್ತದೆ. ಜಪಾನಿನ ಯಮಹಾ, ಐಬನೆಜ್‌ಗಳಲ್ಲಿಯೂ ಆರಂಭದ ಮಾದರಿ, ಮೇಲ್ದರ್ಜೆಯ ಮಾದರಿಗಳೆಂಬ ಶ್ರೇಣಿಗಳಿವೆ. ಆದ್ದರಿಂದ ‘ಯಾವ ಕಂಪೆನಿ?’ ಎಂದಷ್ಟೇ ಕೇಳಿದರೆ ಸಾಲದು. ‘ಯಾವ ಮಾದರಿ, ಯಾವ ದೇಶದ ತಯಾರಿಕೆ?’ ಎಂದೂ ಕೇಳಬೇಕು. ಹೆಸರಿನ ಅಕ್ಷರಗಳನ್ನೂ ನಿಧಾನವಾಗಿ ಓದಬೇಕು. ಗಿಬ್ಸನ್ ಅಮೆರಿಕದ್ದು, ಗಿವ್ಸನ್ ಎಂಬುದು ನಮ್ಮ ದೇಶದ ತಯಾರಿಕೆ. ಗಿವ್ಸನ್ ಕೊಳ್ಳುವುದು ತಪ್ಪಲ್ಲ. ಅದನ್ನು ಗಿಬ್ಸನ್ ಎಂದೆಣಿಸಿ ಕೊಳ್ಳಬಾರದು.

ಕನ್ನಡ ನಾಡಿನವರು ಅರಿಯಬೇಕಾದ ಮಾತೊಂದಿದೆ. ಬೆರಳುಗಳು ಓಡಾಡುವ ಕಪ್ಪು ಹಲಗೆಗೆ ಜಗತ್ತಿನ ಗಿಟಾರು ತಯಾರಕರು ಬಹುವಾಗಿ ಮೆಚ್ಚಿದ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟಗಳ ಬೀಟೆಯೂ ಒಂದು. ಬ್ರೆಜಿಲ್ ದೇಶದ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ತಡೆ ಬಿದ್ದ ಮೇಲೆ ಇದರ ಮಾನ ಇನ್ನೂ ಹೆಚ್ಚಿತು. 2017ರಲ್ಲಿ ಎಲ್ಲ ಜಾತಿಯ ಬೀಟೆಗೂ ನಿಯಂತ್ರಣ ಬಂದು, 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಈ ನಡುವೆ ಹಲವರು ಬೇರೆ ಮರಗಳಿಗೆ ಹೊರಳಿದರು. ಹಲಗೆ ಬೀಟೆಯದಲ್ಲವೆಂಬ ಒಂದೇ ಕಾರಣಕ್ಕೆ ವಾದ್ಯ ಕೀಳೆಂದು ತಿಳಿಯಬಾರದು.

ಪರೀಕ್ಷಿಸುವ ಕ್ರಮ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರಿದ್ದಾರೆ. ಬಲ್ಲವರು ವೀಣೆಯನ್ನು ನುಡಿಸಿ ನೋಡಿಯೇ ಕೊಳ್ಳುತ್ತಾರೆ. ಒಂದೇ ಕೈಯಿಂದ ಬಂದ ಎರಡು ವೀಣೆಗಳೂ ಒಂದೇ ಆಗಿರುವುದಿಲ್ಲ. ಕಾರ್ಖಾನೆಯ ಗಿಟಾರಿಗೂ ಇದೇ ನಿಯಮ. ಆದುದರಿಂದ ಚಿತ್ರ ನೋಡಿ ತರಿಸುವುದಕ್ಕಿಂತ ಕಲಿಸುವ ಗುರುಗಳನ್ನು ಕರೆದುಕೊಂಡು ಅಂಗಡಿಗೆ ಹೋಗುವುದು ಲೇಸು. ಜ್ಞಾನಭಾರತಿಯಿಂದ ಮೆಟ್ರೋ ಹಿಡಿದರೆ ನಗರದ ನಡುವಣ ಅಂಗಡಿಗಳು ದೂರವಲ್ಲ.

ಮೊದಲು ವಿದ್ಯುತ್ ಜೋಡಿಸದೆ ನೋಡಬೇಕು. ಬಡಗಿಯು ಹಲಗೆಯ ನೇರವನ್ನು ಒಂದು ಕಣ್ಣಿನಿಂದ ನೋಡುವಂತೆ ಗಿಟಾರಿನ ಕತ್ತನ್ನು ಉದ್ದಕ್ಕೂ ನೋಡಬೇಕು. ಅಂಗೈಯನ್ನು ಕತ್ತಿನ ಅಂಚಿನಲ್ಲಿ ಸವರಿದರೆ ಲೋಹದ ಮೆಟ್ಟಿಲುಗಳ ತುದಿ ಚುಚ್ಚಬಾರದು. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟಬೇಕು. ಎಲ್ಲಿಯೂ ಝರ್ರೆನ್ನಬಾರದು, ನಾದ ಸಾಯಬಾರದು. ಹನ್ನೆರಡನೆಯ ಮೆಟ್ಟಿಲು ತಂತಿಯ ಅರ್ಧ. ಅಲ್ಲಿ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಶ್ರುತಿ ಮಾಡಿ ಕಾಲು ಗಂಟೆ ನುಡಿಸಿದ ಮೇಲೂ ಬಿರಡೆಗಳು ಶ್ರುತಿಯನ್ನು ಹಿಡಿದಿರಬೇಕು.

ಅನಂತರ ಆಂಪ್ಲಿಫೈಯರಿಗೆ ಜೋಡಿಸಿ ಪ್ರತಿಯೊಂದು ತಿರುಪನ್ನೂ ತಿರುಗಿಸಬೇಕು. ಕರಕರ ಸದ್ದು ಬರಬಾರದು. ಒಂದೇ ಸುರುಳಿಯ ಪಿಕಪ್ಪಿನಲ್ಲಿ ಸಣ್ಣ ಗುಂಯ್‌ಗುಡುವಿಕೆ ಸಹಜ, ಅದು ದೋಷವಲ್ಲ. ಅದನ್ನು ನೀಗಲೆಂದೇ ಜೋಡಿ ಸುರುಳಿಯ ಪಿಕಪ್ ಹುಟ್ಟಿತು. ಪುಟ್ಟ ಕೈಗಳಿಗೆ ತಂತಿಯ ಉದ್ದವನ್ನೂ ಗಮನಿಸಬೇಕು. ಫೆಂಡರ್ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 25.5 ಅಂಗುಲ, ಗಿಬ್ಸನ್ ಮಾದರಿಗಳಲ್ಲಿ 24.75. ಕಡಿಮೆ ಉದ್ದದಲ್ಲಿ ತಂತಿಯ ಬಿಗಿ ಕಡಿಮೆ.

ತಿದ್ದಬಹುದಾದ ದೋಷ ಯಾವುದು, ತಿದ್ದಲಾಗದ್ದು ಯಾವುದು ಎಂಬ ವಿವೇಕ ಮುಖ್ಯ. ತಂತಿಯ ಎತ್ತರ, ಕತ್ತಿನ ಅಲ್ಪ ಬಾಗು, ಹನ್ನೆರಡನೆಯ ಮೆಟ್ಟಿಲಿನ ಸ್ವರಭೇದ—ಇವನ್ನು ಬಲ್ಲ ಕುಶಲಕರ್ಮಿ ಅಲ್ಪ ವೆಚ್ಚದಲ್ಲಿ ಸರಿಪಡಿಸುತ್ತಾನೆ. ಪಿಕಪ್ಪನ್ನು ಮುಂದೆ ಬದಲಿಸಬಹುದು. ತಿರುಚಿಕೊಂಡ ಕತ್ತು, ಬಿರುಕುಬಿಟ್ಟ ಮರ ಇದ್ದರೆ ಯಾವ ಲಾಂಛನವಿದ್ದರೂ ಬಿಟ್ಟುಬಿಡಬೇಕು. ಎಷ್ಟೋ ಸಲ ಸಾಧಾರಣ ಬೆಲೆಯ ಗಿಟಾರು ಇಂತಹ ತಿದ್ದುಪಡಿಯಿಂದಲೇ ಸೊಗಸಾದ ವಾದ್ಯವಾಗುತ್ತದೆ. ಹೆಸರಿಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದಂಶವನ್ನು ಇದಕ್ಕೆ ಕೊಟ್ಟರೆ ಮಗುವಿನ ಬೆರಳು ಹರಸುತ್ತದೆ.

ಹೆಸರಿಗೆ ಬೆಲೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಹೆಸರಿನ ಹಿಂದೆ ಖಾತರಿ ಇರುತ್ತದೆ, ಬಿಡಿಭಾಗ ಸಿಗುತ್ತದೆ, ಮಾರುವಾಗ ಹಣ ಮರಳುತ್ತದೆ. ಆದರೆ ಹೆಸರು ಕೊಡುವುದು ಭರವಸೆಯನ್ನು ಮಾತ್ರ. ಅದನ್ನು ಕೈಯಲ್ಲಿರುವ ವಾದ್ಯ ಉಳಿಸಿಕೊಂಡಿದೆಯೋ ಇಲ್ಲವೋ ಎಂದು ಕಣ್ಣು, ಕಿವಿ, ಬೆರಳುಗಳೇ ಹೇಳಬೇಕು. ರಸೀದಿಯನ್ನೂ ಖಾತರಿ ಪತ್ರವನ್ನೂ ಮರೆಯದೆ ಪಡೆಯಿರಿ. ಮನೆಗೆ ತಂದ ಮೇಲೆ ದಿನಕ್ಕೆ ಅರ್ಧ ಗಂಟೆಯಾದರೂ ಮಗುವಿನ ಬಳಿ ಕುಳಿತು ಕೇಳಿರಿ. ಕೇಳುವವರಿದ್ದ ಮನೆಯಲ್ಲಿ ವಾದ್ಯ ಮೂಲೆ ಸೇರುವುದಿಲ್ಲ.