ಹೆಸರಿಲ್ಲದೆ ಉಳಿದಿದ್ದ ಖನಿಜ

ನಮ್ಮ ಭೂಮಿಯಲ್ಲಿ ಎಲ್ಲಕ್ಕಿಂತ ಹೇರಳವಾಗಿರುವ ಖನಿಜ ಯಾವುದೆಂದು ಕೇಳಿದರೆ ನೀವೇನು ಹೇಳುತ್ತೀರಿ? ಮರಳಿನಲ್ಲಿ ಎಲ್ಲೆಡೆ ಕಾಣುವ ಬೆಣಚುಕಲ್ಲು ಎನ್ನಬಹುದು, ಕಬ್ಬಿಣದ ಅದಿರು ಎನ್ನಲೂಬಹುದು. ಎರಡೂ ಅಲ್ಲ. ಅದು ಬ್ರಿಜ್‌ಮನೈಟ್. ಭೂಮಿಯ ಒಟ್ಟು ಗಾತ್ರದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಇದೇ ಎಂದು ಅಂದಾಜು. ಆದರೂ 2014ರವರೆಗೆ ಅದಕ್ಕೊಂದು ಅಧಿಕೃತ ಹೆಸರೇ ಇರಲಿಲ್ಲ!

ಕಾರಣ, ಅದು ಇರುವ ಜಾಗ. ಸುಮಾರು 660 ಕಿ.ಮೀ. ಆಳದಿಂದ ಕೆಳಗೆ ಅದರ ನೆಲೆ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯದ ಕೋಲಾದಲ್ಲಿರುವುದು, 12 ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ.

ಅಲ್ಲಿ ನಡೆಯುವುದೇನು? ಹತ್ತಿಯನ್ನು ಮೂಟೆಗೆ ತುರುಕಿದರೆ ಅದು ಅಡಕವಾಗುತ್ತದೆ. ಆದರೆ ಹತ್ತಿಯಾಗಿಯೇ ಉಳಿಯುತ್ತದೆ. ಖನಿಜದ ವಿಷಯ ಹಾಗಲ್ಲ. ಒಂದು ಮಿತಿಯವರೆಗೆ ಅದು ಒತ್ತಡ ತಾಳಿಕೊಳ್ಳುತ್ತದೆ. ಆಮೇಲೆ ಪರಮಾಣುಗಳು ಹಳೆಯ ಜೋಡಣೆಯನ್ನೇ ಬಿಟ್ಟು ಇನ್ನಷ್ಟು ಇಕ್ಕಟ್ಟಾದ ಹೊಸ ಜೋಡಣೆಗೆ ಹಾರುತ್ತವೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ವಜ್ರವೂ ಒಂದೇ ಇಂಗಾಲವಲ್ಲವೇ, ಹಾಗೆ. ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಶಿಲಾಪದರದಲ್ಲಿ ಮುಖ್ಯವಾದುದು ಆಲಿವೀನ್ ಎಂಬ ಹಸಿರು ಖನಿಜ. ಸುಮಾರು 410 ಕಿ.ಮೀ. ಆಳದಲ್ಲಿ ಅದರ ಹರಳಿನ ರಚನೆ ಬದಲಾಗುತ್ತದೆ. 520ರ ಸುಮಾರಿಗೆ ಇನ್ನೊಮ್ಮೆ. 660ರಲ್ಲಿ ಒತ್ತಡ ನಮ್ಮ ವಾಯುಮಂಡಲದ ಒತ್ತಡದ ಎರಡು ಲಕ್ಷ ಪಟ್ಟು ಮೀರಿದಾಗ ಅದು ಒಡೆದು ಎರಡು ಖನಿಜಗಳಾಗುತ್ತದೆ; ಅವುಗಳಲ್ಲಿ ಒಂದು ಬ್ರಿಜ್‌ಮನೈಟ್. ಮೇಲಿನ ಕಲ್ಲುಗಳಲ್ಲಿ ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ; ಇಲ್ಲಿ ಆರು! ಭೂಕಂಪದ ಅಲೆಗಳು ಈ ಆಳಗಳಲ್ಲಿ ಥಟ್ಟನೆ ವೇಗ ಹೆಚ್ಚಿಸಿಕೊಳ್ಳುವುದು ಇದರಿಂದಲೇ.

ಪ್ರಯೋಗಾಲಯದಲ್ಲಿ 1970ರ ದಶಕದಲ್ಲೇ ಈ ಖನಿಜವನ್ನು ತಯಾರಿಸಿದ್ದರು. ಎರಡು ವಜ್ರಗಳ ಮೊನೆಗಳ ನಡುವೆ ಚೂರೊಂದನ್ನಿಟ್ಟು ಒತ್ತಿ, ಲೇಸರ್ ಕಿರಣದಿಂದ ಕಾಯಿಸಿದರೆ ಸಾಕು. ಆದರೆ ನಿಸರ್ಗದಲ್ಲಿ ಸಿಕ್ಕ ಮಾದರಿಯನ್ನು ಪರೀಕ್ಷಿಸದೆ ಖನಿಜಕ್ಕೆ ಹೆಸರಿಡುವಂತಿಲ್ಲ ಎಂಬುದು ಅಂತಾರಾಷ್ಟ್ರೀಯ ನಿಯಮ. ಆಳದಿಂದ ಮೇಲೇರುವ ಬ್ರಿಜ್‌ಮನೈಟೋ, ಒತ್ತಡ ಇಳಿದರೂ ಬಿಸಿ ಉಳಿದಿರುವುದರಿಂದ, ದಾರಿಯಲ್ಲೇ ಬೇರೆ ಖನಿಜವಾಗಿಬಿಡುತ್ತದೆ. ನಿಯಮ ಕಟ್ಟುನಿಟ್ಟೆನಿಸಿದರೂ ಸರಿಯಾದದ್ದೇ ಎನ್ನಬೇಕು.

ಕೊನೆಗೆ ಮಾದರಿ ದೊರೆತದ್ದು ನೆಲದಾಳದಿಂದಲ್ಲ, ಆಕಾಶದಿಂದ! 1879ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಬಿದ್ದ ಟೆನ್‌ಹ್ಯಾಮ್ ಉಲ್ಕಾಶಿಲೆ ಬಾಹ್ಯಾಕಾಶದಲ್ಲಿ ಭಾರಿ ಡಿಕ್ಕಿಗೆ ಸಿಲುಕಿದ್ದ ಕಲ್ಲು. ಆ ಕ್ಷಣದ ಒತ್ತಡ, ತಾಪಗಳಲ್ಲಿ ಹುಟ್ಟಿದ ಹರಳುಗಳು ಕೂಡಲೇ ತಣಿದು ಹಾಗೆಯೇ ಉಳಿದುಕೊಂಡಿದ್ದವು. ಆಲಿವರ್ ಚೌನರ್, ಚಿ ಮಾ ಮತ್ತು ಸಂಗಡಿಗರು ಬರಿಗಣ್ಣಿಗೆ ಕಾಣದ ಆ ಕಣಗಳನ್ನು ಎಕ್ಸ್-ಕಿರಣಗಳಿಂದ ಗುರುತಿಸಿದರು. ಅಧಿಕ ಒತ್ತಡದ ಸಂಶೋಧನೆಗಾಗಿ 1946ರಲ್ಲಿ ನೊಬೆಲ್ ಪಡೆದ ಪರ್ಸಿ ಬ್ರಿಜ್‌ಮನ್ ಅವರ ಹೆಸರು ಅದಕ್ಕೆ ಬಂತು.

ಎಲ್ಲ ಕಲ್ಲಿನ ಗ್ರಹಗಳಲ್ಲೂ ಇದು ಹೀಗೆಯೇ ತುಂಬಿದೆಯೆಂದು ಭಾವಿಸಬೇಡಿ. ಮಂಗಳ ಚಿಕ್ಕ ಗ್ರಹ. 2018ರಲ್ಲಿ ಅಲ್ಲಿಳಿದ ಇನ್‌ಸೈಟ್ ನೌಕೆ ಕಂಪನಗಳನ್ನು ಆಲಿಸಿದಾಗ ಅದರ ಲೋಹದ ತಿರುಳು ಎಣಿಸಿದ್ದಕ್ಕಿಂತ ದೊಡ್ಡದೆಂದು ಕಂಡುಬಂತು. ಹಾಗಾಗಿ ಅಲ್ಲಿನ ಶಿಲಾಪದರ ತೆಳು. ಅದರ ತಳದಲ್ಲೂ ಬ್ರಿಜ್‌ಮನೈಟ್ ಹುಟ್ಟುವಷ್ಟು ಒತ್ತಡ ಕೂಡಿಬರುವುದಿಲ್ಲ.