ನಡುವೆ ಆಡುವ ಹುಡುಗ

ಹೈದರಾಬಾದಿನ ಹಿಮಾಯತ್‌ನಗರವನ್ನು ನೋಡಬೇಕೆಂದರೆ ಬೆಳಗಿನ ಆರೂವರೆಗೆ ನೋಡಬೇಕು. ಸೀರೆ ಅಂಗಡಿ, ಒಡವೆ ಅಂಗಡಿಗಳ ಷಟರುಗಳು ಇನ್ನೂ ಎದ್ದಿರುವುದಿಲ್ಲ. ಲಿಬರ್ಟಿ ಸರ್ಕಲ್ಲಿನಲ್ಲಿ ಆಟೋಗಳಿಗಿಂತ ಪಾರಿವಾಳಗಳೇ ಹೆಚ್ಚು. ಬಾಲಾಜಿ ಗುಡಿಯ ಕಡೆಯಿಂದ ಗಂಟೆಯ ಸದ್ದು ಬಂದರೆ, ಇತ್ತ ಇರಾನಿ ಹೋಟೆಲಿನ ಗಲ್ಲೆಯ ಪಕ್ಕದಲ್ಲಿ ಉಸ್ಮಾನಿಯಾ ಬಿಸ್ಕತ್ತಿನ ಬಿಸಿ ತಟ್ಟೆ. ಕಲಬುರಗಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿ ಬಂದವನಿಗೆ ಆ ಹೊತ್ತಿನ ಚಹಾ ಅಂದರೆ ಜೀವ ಬಂದಂತೆ.

ಮೊನ್ನೆ ನನ್ನ ಎದುರಿಗೆ ಹದಿನಾರರ ಆಸುಪಾಸಿನ ಹುಡುಗನೊಬ್ಬ ಬಂದು ಕೂತ. ಬೆನ್ನಿನ ಚೀಲಕ್ಕೆ ಸ್ಟಡ್ ಬೂಟುಗಳನ್ನು ಲೇಸಿನಿಂದ ಗಂಟು ಹಾಕಿ ನೇತುಬಿಟ್ಟಿದ್ದ. ಬಲಗಾಲಿನ ಬೂಟು ತುದಿಯಲ್ಲಿ ಬಾಯಿ ಬಿಟ್ಟಿದ್ದನ್ನು ಯಾವನೋ ಮೋಚಿ ಕಪ್ಪು ದಾರದಲ್ಲಿ ಹೊಲಿದಿದ್ದ. ಎಡಗಾಲಿನದು ಮಾತ್ರ ಮೊನ್ನೆ ಕೊಂಡಂತಿತ್ತು. ಎಲ್ಲಿ ಆಡ್ತೀಯಪ್ಪ ಎಂದೆ. ‘ಬೀಚ್ ಮೇ ಖೇಲ್ತೂಂ ಸಾಬ್’ ಅಂದ. ನಡುವೆ ಆಡ್ತೀನಿ ಅಂತ.

ಆ ‘ನಡುವೆ’ ಅಂದರೆ ಏನೆಂದು ಫುಟ್‌ಬಾಲ್ ನೋಡುವವರಿಗೆ ಗೊತ್ತು. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನ ಫೋಟೊ ಬರುತ್ತದೆ. ನಡುವಿನವನು ತೊಂಬತ್ತು ನಿಮಿಷ ಓಡುತ್ತಲೇ ಇರುತ್ತಾನೆ. ಚೆಂಡು ಕಾಲಿಗೆ ಮುಟ್ಟುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದಕ್ಕೆ ನೋಡಿರಬೇಕು. ಮೈಯನ್ನು ಅರ್ಧ ತಿರುಗಿಸಿ ಚೆಂಡನ್ನು ಬರಮಾಡಿಕೊಳ್ಳಬೇಕು. ಎಡಗಾಲು ಬಾರದಿದ್ದರೆ ಅವನಿಗೆ ಅರ್ಧ ಮೈದಾನ ಮುಚ್ಚಿದ ಹಾಗೆಯೇ.

ಹುಡುಗನ ಎಡಬೂಟು ನೋಡುತ್ತಾ ನನಗೆ ರಹೀಂ ಸಾಹೇಬರು ನೆನಪಾದರು. ಸೈಯದ್ ಅಬ್ದುಲ್ ರಹೀಂ ಇಲ್ಲಿಗೆ ಹತ್ತಿರದ ಕಾಚಿಗುಡದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಮ್ಮ ಕರ್ನಾಟಕ ಸಾಹಿತ್ಯ ಮಂದಿರ ಇರುವುದೂ ಅದೇ ಕಾಚಿಗುಡದಲ್ಲಿ. ಬಾರದ ಕಾಲಿನಲ್ಲೇ ಆಡಿಸಿ, ಒಂದೇ ಸ್ಪರ್ಶದಲ್ಲಿ ಪಾಸು ಕೊಡುವುದನ್ನು ಹುಡುಗರಿಗೆ ರೂಢಿ ಮಾಡಿಸಿದ ಗುರು ಅವರು. ಅವರ ಹೈದರಾಬಾದ್ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದದ್ದೂ, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದೂ ಅವರ ಕೈಕೆಳಗೇ. ಮರುವರ್ಷವೇ ಕ್ಯಾನ್ಸರ್ ಅವರನ್ನು ಒಯ್ದಿತು.

ಅವರು ತೀರಿಕೊಂಡ ಮೂರು ವರ್ಷಕ್ಕೆ, 1966ರಲ್ಲಿ, ಈ ಊರಿನ ಮೊಹಮ್ಮದ್ ಹಬೀಬ್ ಎಂಬ ಹದಿನೇಳರ ಹುಡುಗ ಕಲ್ಕತ್ತಕ್ಕೆ ಹೊರಟ. ಫಾರ್ವರ್ಡುಗಳ ಬೆನ್ನಿಗೆ ನಿಂತು ಆಟ ಕಟ್ಟುತ್ತಿದ್ದ ಕುಳ್ಳ ಮೈಯ ಗಟ್ಟಿ ಜೀವ. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಮೂರೂ ಕ್ಲಬ್ಬುಗಳಿಗೆ ಆಡಿದರು. ಅಲ್ಲಿನವರ ಬಾಯಲ್ಲಿ ‘ಬಡೇ ಮಿಯಾ’ ಆದರು. ಆಗ ಚೆನ್ನಾಗಿ ಆಡುವವನಿಗೆ ಬ್ಯಾಂಕಿನದೋ ರೈಲ್ವೆಯದೋ ನೌಕರಿ ಸಿಗುತ್ತಿತ್ತು, ಸಂಸಾರ ನಡೆಯುತ್ತಿತ್ತು. ಹಬೀಬ್ ಆ ನೌಕರಿಗಳನ್ನು ಒಪ್ಪಲಿಲ್ಲ. ಆಟವೇ ಕೆಲಸ ಅಂದರು. ಭಾರತದ ಮೊದಲ ನಿಜವಾದ ವೃತ್ತಿಪರ ಫುಟ್‌ಬಾಲಿಗ ಎಂಬ ಮಾತು ಅವರಿಗೆ ಅಂಟಿದ್ದು ಹಾಗೆ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸಿನ ಕೆಸರಿನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮಾಸ್ ವಿರುದ್ಧ ಮೋಹನ್ ಬಾಗಾನ್ 2-2 ಮಾಡಿಕೊಂಡಾಗ, ಆ ಎರಡರಲ್ಲಿ ಒಂದು ಗೋಲು ಹಬೀಬರದು. 2023ರ ಆಗಸ್ಟ್ 15ರಂದು ಹೈದರಾಬಾದಿನಲ್ಲೇ ಕಣ್ಣು ಮುಚ್ಚಿದರು.

ಹುಡುಗನಿಗೆ ಹಬೀಬ್ ಗೊತ್ತೇ ಎಂದು ಕೇಳಿದೆ. ಅಜ್ಜ ಹೇಳ್ತಿದ್ದರು ಅಂದ. ಅವನು ಕಣ್ಣಾರೆ ಕಂಡದ್ದು ಹೈದರಾಬಾದ್ ಎಫ್‌ಸಿ. 2019ರಲ್ಲಿ ಹುಟ್ಟಿದ ತಂಡ. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. ಕೇರಳ ಬ್ಲಾಸ್ಟರ್ಸ್ ಮುಂದಿತ್ತು. 88ನೇ ನಿಮಿಷದಲ್ಲಿ ಬದಲಿಯಾಗಿ ಬಂದಿದ್ದ ಮಿಡ್‌ಫೀಲ್ಡರ್ ಸಾಹಿಲ್ ತವೋರಾ ದೂರದಿಂದ ಬಾರಿಸಿದ ಚೆಂಡು ಬಲೆ ಸೇರಿತು. ಆಮೇಲೆ ಪೆನಾಲ್ಟಿಗಳಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರನ್ನು ತಡೆದರು. ಗೋವಾದವರು, ಆದರೆ ಹೆಸರು ನಮ್ಮ ಕಡೆಯದು. ಆ ರಾತ್ರಿ ಟಿವಿ ಮುಂದೆ ಕೂತ ನನಗೆ ಅದೂ ಒಂದು ಹೆಮ್ಮೆ. ಆ ಫೈನಲಿನ ಕಥೆ ಹೇಳುವಾಗ ಹುಡುಗನ ಬಲಗಾಲು ಮೇಜಿನ ಕೆಳಗೆ ತಾನಾಗಿಯೇ ಆಡುತ್ತಿತ್ತು, ಕಪ್ಪಿನ ತಟ್ಟೆ ಗಲಗಲ ಅನ್ನುತ್ತಿತ್ತು.

ಕಪ್ ಗೆದ್ದ ಮೂರೇ ವರ್ಷಕ್ಕೆ, 2025ರಲ್ಲಿ, ಆ ತಂಡ ದಿಲ್ಲಿಗೆ ಹೋಯಿತು, ಹೆಸರೂ ಬದಲಾಯಿತು. ಊರಿನ ಹೊರಗೆ ಅಜೀಜ್‌ನಗರದಲ್ಲಿ ಶ್ರೀನಿಧಿ ಡೆಕ್ಕನ್ ತಂಡ ಕಟ್ಟಿದ ಮೈದಾನವಿದೆ, ಅದು ದೊಡ್ಡ ಸಮಾಧಾನ. ಆದರೆ ರಹೀಂ, ಹಬೀಬರ ಊರಿಗೆ ದೇಶದ ಮೇಲಿನ ಲೀಗಿನಲ್ಲಿ ಒಂದು ತಂಡವಿಲ್ಲವೆಂಬುದು ನನಗೆ ಇಂದಿಗೂ ನುಂಗಲಾಗದ ತುತ್ತು. ಲಿಬರ್ಟಿಯಿಂದ ಬಶೀರ್‌ಬಾಗಿನ ದಾರಿ ಹಿಡಿದು ನಡೆದರೆ ಲಾಲ್ ಬಹಾದುರ್ ಸ್ಟೇಡಿಯಂ, ಹಳಬರ ಬಾಯಲ್ಲಿ ಇನ್ನೂ ಫತೇ ಮೈದಾನ್. ಚಹಾ ಮುಗಿಸಿ ಅವನೂ ನಾನೂ ಅತ್ತಲೇ ಹೆಜ್ಜೆ ಹಾಕಿದೆವು.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಆಯ್ಕೆ ಶಿಬಿರವಂತೆ. ಹೊಸ ಬೂಟು ಕೊಳ್ಳಲ್ಲವೇ ಎಂದೆ. ಇವು ಕಾಲಿಗೆ ಕೂತಿವೆ ಅಂದ. ಬೆಂಗಳೂರಿನವರೇ, ಮೈದಾನದ ಬಳಿ ಹಾದುಹೋಗುವಾಗ ಐದು ನಿಮಿಷ ನಿಂತು ನೋಡಿ. ನಡುವೆ ಆಡುತ್ತಿರುತ್ತಾನೆ, ಬಲಗಾಲಿನ ಬೂಟಿಗೆ ಕಪ್ಪು ದಾರದ ಹೊಲಿಗೆ ಇದೆ.