ಸೆಟ್ಟರ್‌ನನ್ನು ಮರೆತ ಸಂಶೋಧನೆ

1969ರಲ್ಲಿ ಜಪಾನಿನ ಟೊಯೊಟಾ ಕಾರ್ಖಾನೆಯ ಸಾವಿರ ಟನ್ ಪ್ರೆಸ್‌ನಲ್ಲಿ ಒಂದು ಡೈ, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚು, ತೆಗೆದು ಇನ್ನೊಂದನ್ನು ಕೂರಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಅಲ್ಲಿನವರ ಜೊತೆ ಸೇರಿ ಅದನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಇದಕ್ಕಾಗಿ ಹೊಸ ಪ್ರೆಸ್ ಕೊಳ್ಳಲಿಲ್ಲ. ಪ್ರೆಸ್ ಓಡುತ್ತಿರುವಾಗಲೇ ಮುಂದಿನ ಡೈ ಪಕ್ಕದಲ್ಲಿ ಸಿದ್ಧವಾಗಿರಬೇಕು. ಡೈಗಳ ಎತ್ತರ ಒಂದೇ ಆದರೆ ಪ್ರತಿ ಸಲ ಅಳತೆ ಹೊಂದಿಸುವ ತಾಪತ್ರಯವಿಲ್ಲ. ಹದಿನೈದು ಸುತ್ತು ತಿರುಗಿಸುವ ಬೋಲ್ಟ್ ಒಂದೇ ಸುತ್ತಿಗೆ ಬಿಗಿಯುವಂತಿರಬೇಕು. ಇಷ್ಟೇ. ಆದರೆ ಡೈ ಬದಲಿಸುವುದು ಸಲೀಸಾದಾಗ ಒಂದೇ ಭಾಗವನ್ನು ರಾಶಿ ರಾಶಿ ಒತ್ತಿ ಗೋದಾಮು ತುಂಬಿಸುವ ಅಗತ್ಯ ತಪ್ಪುತ್ತದೆ, ಗಿರಾಕಿ ಕೇಳಿದಾಗ ಕೇಳಿದ್ದನ್ನು ಮಾಡಿಕೊಡಬಹುದು.

ಉತ್ಪಾದನೆಯ ಈ ಹೊಂದಿಕೊಳ್ಳುವ ಗುಣದ ಮೇಲೆ ಆಮೇಲೆ ಸಂಶೋಧನೆಯ ಹೊಳೆಯೇ ಹರಿಯಿತು. 1986ರಲ್ಲಿ ಹಾರ್ವರ್ಡ್‌ನ ರಾಮಚಂದ್ರನ್ ಜೈಕುಮಾರ್ ಕಂಪ್ಯೂಟರ್ ನಡೆಸುವ ಯಂತ್ರವ್ಯವಸ್ಥೆಗಳನ್ನು ಹೋಲಿಸಿದರು. ಅಮೆರಿಕದಲ್ಲಿ ಒಂದು ವ್ಯವಸ್ಥೆ ಸರಾಸರಿ 10 ಬಗೆಯ ಭಾಗ ಮಾಡುತ್ತಿದ್ದರೆ ಜಪಾನಿನಲ್ಲಿ 93. ಯಂತ್ರಗಳು ಹೆಚ್ಚುಕಡಿಮೆ ಒಂದೇ, ನಡೆಸುವವರ ತಯಾರಿ ಬೇರೆ. 1990ರ ಒಂದು ಹೆಸರಾಂತ ಸಮೀಕ್ಷೆ ಈ ಗುಣವನ್ನು 11 ಬಗೆಯಾಗಿ ವಿಂಗಡಿಸಿತು. 1995ರಲ್ಲಿ ಡೇವಿಡ್ ಅಪ್ಟನ್ 61 ಕಾಗದದ ಕಾರ್ಖಾನೆಗಳನ್ನು ಪರಿಶೀಲಿಸಿ ಹೇಳಿದ್ದೂ ಜೈಕುಮಾರ್ ಕಂಡದ್ದನ್ನೇ: ಕಂಪ್ಯೂಟರ್‌ಗಿಂತ ಮುಖ್ಯವಾದದ್ದು ಜನ.

ಇಷ್ಟು ಗೊತ್ತಿದ್ದೂ ಇಂದಿನ ಪ್ರಬಂಧಗಳಲ್ಲಿ ರೋಬೋಟ್, ಸೆನ್ಸರ್, ಸಿಮ್ಯುಲೇಷನ್‌ಗಳದ್ದೇ ಮೆರವಣಿಗೆ. ದೊಡ್ಡ ಕಾರು ಕಂಪನಿಗಳ ಅಧ್ಯಯನ ಬೇಕಾದಷ್ಟಿದೆ, ಸಣ್ಣ ವರ್ಕ್‌ಶಾಪ್‌ಗಳದ್ದು ವಿರಳ. ಯಾವ ಕಾರ್ಖಾನೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂದು ಅಳೆಯಲು ಎಲ್ಲರೂ ಒಪ್ಪುವ ಮಾನದಂಡವೂ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೊರತೆ. ಆರ್ಡರ್ ಇದ್ದಾಗ ಕರೆದು, ಇಲ್ಲದಾಗ ಕಳಿಸುವ ಗುತ್ತಿಗೆ ಕಾರ್ಮಿಕನ ಹೆಗಲ ಮೇಲೆ ಈ ಹೊಂದಾಣಿಕೆಯ ಭಾರ ಎಷ್ಟು ಬೀಳುತ್ತಿದೆ? ಇದನ್ನು ವೆಚ್ಚದ ಲೆಕ್ಕಕ್ಕೆ ಸೇರಿಸದ ಅಧ್ಯಯನ ಅರೆಬರೆ.

ಅಧ್ಯಯನಕ್ಕೆ ತಕ್ಕ ಉದಾಹರಣೆ ನಮ್ಮಲ್ಲೇ ಇದೆ. ಕೋವಿಡ್ ಹರಡಿದ 2020ರಲ್ಲಿ ಬೆಂಗಳೂರಿನ ಬಿಇಎಲ್, ಮೈಸೂರಿನ ವೈದ್ಯಕೀಯ ಉಪಕರಣ ಕಂಪನಿ ಸ್ಕ್ಯಾನ್‌ರೇ ಜೊತೆಗೂಡಿ 30,000 ವೆಂಟಿಲೇಟರ್‌ಗಳ ಆರ್ಡರ್‌ಗೆ ಕೈಹಾಕಿತು. ರಾಡಾರ್ ಮಾಡುವ ಸಂಸ್ಥೆ ಉಸಿರಾಟದ ಯಂತ್ರಕ್ಕೆ ಹೊರಳಿದ್ದು ಸಣ್ಣ ಮಾತಲ್ಲ. ಅಂಥ ಹೊರಳುವಿಕೆಯಲ್ಲಿ ಯಾರು ಏನು ಹೊಸದಾಗಿ ಕಲಿತರು ಎಂಬುದು ದಾಖಲಾಗಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಸಂಶೋಧಕರಲ್ಲಿ ಒಂದು ವಿನಂತಿ. ಮುಂದಿನ ಪ್ರಬಂಧಕ್ಕೆ ಮೊದಲು ಪೀಣ್ಯದ ಯಾವುದಾದರೂ ಜಾಬ್ ವರ್ಕ್ ಶೆಡ್‌ನಲ್ಲಿ, ಡೈ ಬದಲಿಸಿ ಯಂತ್ರ ಹೊಂದಿಸುವ ಸೆಟ್ಟರ್ ಪಕ್ಕ ಒಂದು ಪೂರ್ತಿ ಶಿಫ್ಟ್ ನಿಂತು ನೋಡಿ.